ನಾನೂರ ಎಂಬತ್ತೈದು ಡಾಲರಿನ ನಗು

ಮೇಯರರ ಹೆಂಡತಿ ಪೆಟ್ರೀಶಿಯಾ ಡಾಲ್ಟನ್ ಆ ದಿನ ಮಾಡಿದ ತಪ್ಪು ಒಂದೇ. ಅರ್ಲೀನ್ ಕೂಂಟ್ಸಳ ಕೋಟು ಚೆನ್ನಾಗಿದೆ ಎಂದುಬಿಟ್ಟಳು.

ವರ್ತಕರ ಸಂಘದ ಮಾರ್ಚ್ ತಿಂಗಳ ಊಟದ ಕೂಟ. ಹೆದ್ದಾರಿ ಪಕ್ಕದ ಹೋಟೆಲಿನ ಹಾಲಿನಲ್ಲಿ ನೂರ ಎಂಬತ್ತು ಜನ ಒಣಗಿದ ಕೋಳಿ ತುಂಡುಗಳ ಮುಂದೆ ವಿನಯದಿಂದ ಕೂತಿದ್ದರು. ಅಮೆರಿಕದ ಮಧ್ಯಮ ಗಾತ್ರದ ಊರುಗಳಲ್ಲಿ ಕಡಿಮೆ ಖರ್ಚಿನಲ್ಲಿ ಸುಖವಾಗಿ ಬಾಳಬಹುದಾದ ಊರು ಯಾವುದು ಎಂದು ಪ್ರತಿವರ್ಷ ಪಟ್ಟಿ ಮಾಡುವ ಪತ್ರಿಕೆಯೊಂದು ನ್ಯೂಯಾರ್ಕಿನಿಂದ ತನ್ನ ವರದಿಗಾರನನ್ನು ಕಳಿಸಿತ್ತು. ಅವನೆದುರು ‘ಸಾಮಾನ್ಯ ನಾಗರಿಕಳು’ ಎಂದು ಎರಡು ನಿಮಿಷ ಮಾತಾಡಲು ಸಂಘದವರು ಅರ್ಲೀನಳನ್ನು ಆರಿಸಿದ್ದರು. ಸಾಮಾನ್ಯತನದಲ್ಲಿ ಆಕೆಯನ್ನು ಮೀರಿಸುವವರು ಹಾರ್ಲನ್ ಬೆಂಡಿನಲ್ಲಿ ಇರಲಿಲ್ಲ. ಕಾಲರಿಗೆ ಪುಟ್ಟ ಮೈಕು ಸಿಕ್ಕಿಸಿಯಾಗಿತ್ತು. ಅದು ಆಗಲೇ ಚಾಲೂ ಇತ್ತು ಎನ್ನುವುದು ಅರ್ಲೀನಳಿಗೆ ಗೊತ್ತಿರಲಿಲ್ಲ.

“ಕೋಟು ತುಂಬಾ ಚೆನ್ನಾಗಿದೆ ರೀ,” ಎಂದಳು ಮೇಯರರ ಹೆಂಡತಿ.

“ಹನ್ನೊಂದು ಡಾಲರು,” ಎಂದಳು ಅರ್ಲೀನ್. “ಚರ್ಚಿನ ಹಳೇ ಬಟ್ಟೆ ಮಾರಾಟದಲ್ಲಿ ಸಿಕ್ತು. ಕಡೇ ದಿನ ಹೋದ್ರೆ ಎಲ್ಲ ಅರ್ಧ ಬೆಲೆ. ಒಳಗಡೆ ನೋಡಿ, ಅಸಲು ರೇಷ್ಮೆ.”

ನೂರ ಎಂಬತ್ತು ಜನಕ್ಕೂ ಈ ಮಾತು ಕೇಳಿಸಿತು. ಹಾಗೆಂದು ಯಾರೂ ನಗಲಿಲ್ಲ, ಬದಲಿಗೆ ಮೆಚ್ಚಿ ತಲೆದೂಗಿದರು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಅರ್ಲೀನ್ ಕೋಟಿನ ಒಳಮೈ ತೆರೆದು ತೋರಿಸಿದಾಗ ರೇಷ್ಮೆಯ ಜೊತೆಗೆ ಅದರ ಮೇಲೆ ನೂಲಿನಲ್ಲಿ ಕಸೂತಿ ಹಾಕಿದ ‘ಪಿ. ಡಿ.’ ಎಂಬ ಎರಡು ಅಕ್ಷರಗಳೂ ಕಂಡವು. ಪೆಟ್ರೀಶಿಯಾ ಡಾಲ್ಟನಳ ಮುಖ ಮೇಜಿನ ಮೇಲಿದ್ದ ಬೀಟ್‌ರೂಟಿಗೆ ಜೋಡಿಯಾಯಿತು. ಪಕ್ಕದಲ್ಲಿದ್ದ ಮೇಯರರು ಬಗ್ಗಿ ನೋಡಿ, ಇದು ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ತಾನು ಕೊಡಿಸಿದ್ದಲ್ಲವೇ, ಚಿಕಾಗೋದ ಹೋಟೆಲಿನಲ್ಲಿ ಕಳೆದುಹೋಯಿತು ಎಂದಿದ್ದೆಯಲ್ಲ ಎಂದು ಹೆಂಡತಿಯನ್ನು ಪಿಸುದನಿಯಲ್ಲಿ ಕೇಳಿದರು. ಮೈಕು ಪಿಸುದನಿಯನ್ನೂ ಬಿಡಲಿಲ್ಲ.

ಈಗ ನಕ್ಕವನು ಒಬ್ಬನೇ, ನ್ಯೂಯಾರ್ಕಿನ ವರದಿಗಾರ ಜೂಲಿಯನ್. ಉಳಿದವರೆಲ್ಲ ತಟ್ಟೆ ನೋಡಿಕೊಂಡರು. ಊಟ ಮುಗಿದ ಮೇಲೆ ಜೂಲಿಯನ್ ನೇರವಾಗಿ ಅರ್ಲೀನಳ ಹತ್ತಿರ ಬಂದು, ನಿಮ್ಮ ಮನೆ ನೋಡಬಹುದೇ ಎಂದು ಕೇಳಿದ. ಅರ್ಲೀನ್ ಗುರುವಾರ ಮಧ್ಯಾಹ್ನ ಊಟಕ್ಕೆ ಬಾ ಎಂದಳು.

ಹಾರ್ಲನ್ ಬೆಂಡ್ ಇಂಡಿಯಾನಾದ ಊರು. ನದಿ ಬೆಂಡಾಗುವ ಜಾಗದಲ್ಲಿ ಊರು ಹುಟ್ಟಿತು. ಪಿಸ್ಟನ್ ರಿಂಗ್ ಕಾರ್ಖಾನೆ ಮುಚ್ಚಿದ ಮೇಲೆ ಊರಿನವರೂ ಬೆಂಡಾದರು. ಅಲ್ಲಿ ಹೊಗಳಿಕೆಗೆ ಥ್ಯಾಂಕ್ಸ್ ಎಂದು ಸುಮ್ಮನಾದರೆ ಜಂಬದವರು ಎನ್ನುತ್ತಾರೆ. ಬೆಲೆ ಹೇಳಬೇಕು. ಎಷ್ಟು ಅಗ್ಗಕ್ಕೆ ಸಿಕ್ಕಿತು, ಯಾವ ಕೂಪನ್ನು, ಎಷ್ಟು ಪರ್ಸೆಂಟು ಕಡಿತ ಎಂದು ಒಪ್ಪಿಸಬೇಕು. ಹಿಂದಿನ ವರ್ಷ ಗ್ಲೆನ್ ಸ್ಟಕಿ ಎಂಬವನ ಅಪ್ಪ ತೀರಿಕೊಂಡಾಗ ಯಾರೋ ಶವಪೆಟ್ಟಿಗೆ ಲಕ್ಷಣವಾಗಿದೆ ಎಂದರು. ಗ್ಲೆನ್ ಕಣ್ಣೊರೆಸಿಕೊಳ್ಳುತ್ತಲೇ, ಅಂಗಡಿಯಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದ ಪೆಟ್ಟಿಗೆ, ನಲವತ್ತು ಪರ್ಸೆಂಟು ಬಿಟ್ಟರು ಎಂದ. ಬಂದವರು ಅವನ ಭುಜ ತಟ್ಟಿದರು. ಅದು ಸಂತಾಪವೋ ಅಭಿನಂದನೆಯೋ ಹೇಳುವುದು ಕಷ್ಟ.

ಆದರೆ ದುಡ್ಡಿನ ಇನ್ನುಳಿದ ಯಾವ ಮಾತನ್ನೂ ಎದುರೆದುರು ಆಡುವ ಹಾಗಿಲ್ಲ. ಸಂಬಳ ಕೇಳುವ ಹಾಗಿಲ್ಲ, ಸಾಲ ಕೇಳುವ ಹಾಗಿಲ್ಲ. ಬಾಡಿಗೆ ಏರಿಸುತ್ತೇನೆ ಎಂದು ಮುಖ ನೋಡಿ ಹೇಳುವುದಂತೂ ಚರ್ಚಿನಲ್ಲಿ ಬಟ್ಟೆ ಬಿಚ್ಚಿದ ಹಾಗೆ.

ಅರ್ಲೀನಳ ಸಂಸಾರ ಈ ಮರ್ಯಾದೆಯ ಮೇಲೆಯೇ ಹತ್ತೊಂಬತ್ತು ವರ್ಷ ನಿಂತಿತ್ತು. ವೇಯ್ನ್ ಬೀದಿಯ ಎರಡಂತಸ್ತಿನ ಮನೆಯ ಕೆಳಗಿನ ಭಾಗ ಆಕೆಯದು. ಮೇಲಿನ ಭಾಗದಲ್ಲಿ ಮನೆಯ ಒಡತಿ ಹೆಲೆನ್ ಪ್ರಿಬಲ್ ಇದ್ದಳು. ಮೊದಲ ದಿನ ಗೊತ್ತು ಮಾಡಿದ ಬಾಡಿಗೆ ತಿಂಗಳಿಗೆ ನಾನೂರ ಎಂಬತ್ತೈದು ಡಾಲರು. ಹೆಲೆನ್ ಅದನ್ನು ಏರಿಸಲು ಪ್ರಯತ್ನಪಡಲಿಲ್ಲ ಎಂದಲ್ಲ. ಎರಡು ಸಲ ಮೆಟ್ಟಿಲಿಳಿದು ಬಂದಿದ್ದಳು. ಮೊದಲ ಸಲ ಕೈಯಲ್ಲೊಂದು ಸೇಬಿನ ಸಿಹಿ ಪೈ ಹಿಡಿದು ಬಂದು, ಹಿಮದ ವಿಚಾರ ಆಡಿ, ಪರಿಚಯದವರೊಬ್ಬರ ಪಿತ್ತಕೋಶದ ಕಲ್ಲಿನ ವಿಚಾರ ಆಡಿ, ಒಂದು ಗಂಟೆಯಾದ ಮೇಲೆ ಕಿಟಕಿ ಕಡೆ ತಿರುಗಿ, ಈ ವರ್ಷ ಮನೆ ತೆರಿಗೆ ಸ್ವಲ್ಪ ಜಾಸ್ತಿಯಾಯಿತು ಎಂದಳು. ಅರ್ಲೀನ್, ಈಗ ಯಾವುದು ಜಾಸ್ತಿಯಾಗಿಲ್ಲ ಹೇಳಿ ಎಂದಳು. ಅದೂ ನಿಜ ಎಂದು ಹೆಲೆನ್ ಎದ್ದಳು. ಎರಡನೇ ಸಲ ತೆರಿಗೆಯ ಮಾತೂ ಬರಲಿಲ್ಲ, ಪೈ ಮಾತ್ರ ಬಂತು.

ಇಬ್ಬರ ನಡುವೆ ಮನಸ್ತಾಪ ಎಂಬುದೇ ಇರಲಿಲ್ಲ. ಹಿಂದಿನ ವರ್ಷ ಹೆಲೆನ್ ಎಂಬತ್ತನಾಲ್ಕನೇ ವಯಸ್ಸಿಗೆ ತೀರಿಕೊಂಡಳು. ಮನೆ ಅವಳ ತಮ್ಮನ ಮಗ ಕರ್ಟನ ಪಾಲಾಯಿತು. ಅವನು ಹುಟ್ಟಿದ್ದು ಹಾರ್ಲನ್ ಬೆಂಡಿನಲ್ಲೇ. ಇಪ್ಪತ್ತು ವರ್ಷದಿಂದ ಅರಿಜೋನಾದ ಫೀನಿಕ್ಸಿನಲ್ಲಿ ಈಜುಕೊಳ ಕಟ್ಟಿಕೊಡುವ ವ್ಯಾಪಾರ. ಬಾಡಿಗೆ ಹೆಲೆನಳ ಹಳೇ ಖಾತೆಗೇ ಹೋಗುತ್ತಿತ್ತು. ಕರ್ಟ್ ಅದರ ಕಡೆ ನೋಡಿಯೇ ಇರಲಿಲ್ಲ.

ಆ ಮನೆಯಲ್ಲಿ ಅರ್ಲೀನಳ ಜೊತೆಗಿದ್ದವಳು ಅತ್ತೆ ಮಿಲ್ಡ್ರೆಡ್, ಎಂಬತ್ತೆಂಟು ವರ್ಷ. ಗಂಡ ರಾಜರ್ ಹನ್ನೊಂದು ವರ್ಷದ ಹಿಂದೆ ಬಿಸಿನೀರಿನ ಟಬ್ಬು ಮಾರುವ ಹೆಂಗಸೊಬ್ಬಳ ಹಿಂದೆ ಫ್ಲಾರಿಡಾಕ್ಕೆ ಹೋಗಿದ್ದ. ಹೋಗುವಾಗ ಮೀನು ಹಿಡಿಯುವ ಸಾಮಾನು ತಗೊಂಡು ಹೋದ, ಅಮ್ಮನನ್ನು ಬಿಟ್ಟು ಹೋದ. ಹೆಸರಿಗೆ ರಾಜರ್, ಸೊಸೆಯ ಪಾಲಿಗೆ ಉಳಿದದ್ದು ರಾಜಮಾತೆ. ಜೊತೆಗೆ ಬರುತ್ತೀಯಾ ಎಂದು ಅವನು ಬಾಯಿಮಾತಿಗೆ ಕೇಳಿದಾಗ ಮಿಲ್ಡ್ರೆಡ್, ನಾನು ಯಾವತ್ತೂ ನಿನ್ನ ಪಕ್ಷದವಳಾಗಿರಲಿಲ್ಲ ಎಂದಿದ್ದಳಂತೆ. ಈಗ ಅವಳು ನಡೆಯುವುದು ನಾಲ್ಕು ಕಾಲಿನ ಊರುಗೋಲು ಹಿಡಿದು. ಕೆಳಗಿನ ಆ ಭಾಗಕ್ಕೆ ಇದ್ದದ್ದು ಒಂದೇ ಮೆಟ್ಟಿಲು, ಅದೂ ಗಿಡ್ಡದ್ದು. ಹಿಂದಿನ ಕೋಣೆಯಿಂದ ವರಾಂಡಕ್ಕೆ ಹನ್ನೆರಡು ಹೆಜ್ಜೆ. ಮಿಲ್ಡ್ರೆಡ್ಡಳ ಪ್ರಪಂಚ ಆ ಹನ್ನೆರಡು ಹೆಜ್ಜೆಯಲ್ಲಿ ಮುಗಿಯುತ್ತಿತ್ತು, ಅವಳಿಗೆ ಅದು ಸಾಕಾಗಿತ್ತು.

ಅರ್ಲೀನ್ ದುಡಿಯುತ್ತಿದ್ದದ್ದು ಡ್ರೈವಿಂಗ್ ಲೈಸೆನ್ಸ್ ಕೊಡುವ ಆಫೀಸಿನಲ್ಲಿ. ನಾಲ್ಕನೇ ಕೌಂಟರು, ಇಪ್ಪತ್ತೊಂಬತ್ತು ವರ್ಷ. ಫೋಟೋ ತೆಗೆಯುವವಳು ಅವಳೇ. ಊರಿನ ಪ್ರತಿಯೊಬ್ಬನ ಜೇಬಿನಲ್ಲೂ ಅರ್ಲೀನ್ ತೆಗೆದ ಒಂದು ಕೆಟ್ಟ ಫೋಟೋ ಇತ್ತು. ಬ್ಯಾಂಕಿನ ಮ್ಯಾನೇಜರು ಅದರಲ್ಲಿ ಸುಲಿಗೆಕೋರನ ಹಾಗೆ ಕಾಣುತ್ತಿದ್ದ, ಪಾದ್ರಿ ಹ್ಯಾಂಗೋವರಿನಲ್ಲಿದ್ದ ಹಾಗೆ ಕಾಣುತ್ತಿದ್ದ. ಎರಡರಲ್ಲೂ ಫೋಟೋದ ತಪ್ಪಿಲ್ಲ ಎನ್ನುವುದು ಮಿಲ್ಡ್ರೆಡ್ಡಳ ಅಭಿಪ್ರಾಯ.

ಗುರುವಾರ ಜೂಲಿಯನ್ ಬಂದ. ಅರ್ಲೀನ್ ಆಲೂಗಡ್ಡೆಯನ್ನು ಬೆಣ್ಣೆ ಹಾಕಿ ಕಿವುಚಿ, ಅದರ ಮೇಲೆ ಕೋಳಿಯ ದಪ್ಪ ನೂಡಲ್ಸು ಸುರಿದು ಬಡಿಸಿದಳು. ಅವನು ಚಮಚ ಮುಟ್ಟುವ ಮೊದಲು ಮೂರು ಕಡೆಯಿಂದ ತಟ್ಟೆಯ ಫೋಟೋ ತೆಗೆದ. ಊಟಕ್ಕೂ ಲೈಸೆನ್ಸ್ ಬೇಕಾಯಿತೇ ಎಂದು ಮಿಲ್ಡ್ರೆಡ್ ಸೊಸೆಯನ್ನು ಕೇಳಿದಳು. ಆಮೇಲೆ ಅವನು ಹೊಗಳಲು ಶುರುಮಾಡಿದ. ವರಾಂಡ ಹೊಗಳಿದ, ಮರದ ನೆಲ ಹೊಗಳಿದ, ಎರಡೂ ಕಡೆ ಬೆಳಕು ಬೀಳುವ ಕಿಟಕಿ ಹೊಗಳಿದ. ಅರ್ಲೀನ್ ಎಷ್ಟೋ ಹೊತ್ತು ತಡೆದುಕೊಂಡಳು. ಪರದೆಯ ಬೆಲೆ ಹೇಳಿದಳು, ಮೇಜಿನ ಬೆಲೆ ಹೇಳಿದಳು, ನೂಡಲ್ಸು ಮನೆಯಲ್ಲೇ ಮಾಡಿದ್ದು, ಹಿಟ್ಟಿನ ಖರ್ಚು ಮಾತ್ರ ಎಂದಳು. ಅವನು ಬಿಡದೆ, ಇಷ್ಟು ಚೆಂದದ ಮನೆಯಲ್ಲಿರುವವರು ಭಾಗ್ಯವಂತರು ಎಂದುಬಿಟ್ಟ. ಇನ್ನು ಉಳಿದಿದ್ದದ್ದು ಒಂದೇ ಬೆಲೆ.

“ನಾನೂರ ಎಂಬತ್ತೈದು,” ಎಂದಳು ಅರ್ಲೀನ್.

ಜೂಲಿಯನ್ ಅಗಿಯುವುದನ್ನು ನಿಲ್ಲಿಸಿದ. “ವಾರಕ್ಕಾ?”

“ತಿಂಗಳಿಗೆ. ನೀರೂ ಅದ್ರಲ್ಲೇ ಸೇರಿದೆ.”

ಅವನು ನ್ಯೂಯಾರ್ಕಿನಲ್ಲಿ ಮೂರು ಸಾವಿರದ ನೂರು ಕೊಟ್ಟು ಇದ್ದ ಕೋಣೆಯಲ್ಲಿ ಫ್ರಿಜ್ಜಿನ ಬಾಗಿಲು ತೆರೆದರೆ ಹಾಸಿಗೆಗೆ ತಾಗುತ್ತಿತ್ತಂತೆ. ಅವನ ಕಣ್ಣು ಒದ್ದೆಯಾಯಿತು. ಅರ್ಲೀನ್ ಅವನಿಗೆ ಒಂದು ತುಂಡು ಪೈ ಬಡಿಸಿದಳು. ಇದನ್ನು ಬರೆಯಬಹುದೇ ಎಂದು ಅವನು ಕೇಳಿದಾಗ ಬೇಡ ಎನ್ನಲು ಅವಳಿಗೆ ಕಾರಣವೇ ತೋಚಲಿಲ್ಲ. ಬದುಕಿನಲ್ಲಿ ಅವಳು ಅದಕ್ಕಿಂತ ದೊಡ್ಡ ಲಾಭ ಮಾಡಿದ್ದಿಲ್ಲ, ಅದಕ್ಕಿಂತ ಹೆಚ್ಚು ಹೆಮ್ಮೆಪಡುವ ಸಂಗತಿಯೂ ಅವಳ ಹತ್ತಿರ ಇರಲಿಲ್ಲ. ತಪ್ಪಾಗಿ ಅಚ್ಚಾಗದಿರಲಿ ಎಂದು ಅಂಕಿಗಳನ್ನು ಒಂದೊಂದಾಗಿ ಹೇಳಿ ಬರೆಸಿದಳು. ನಾಲ್ಕು. ಎಂಟು. ಐದು. ಅಗ್ಗದ ಮಾತೇ ಕೊರಳಿಗೆ ಹಗ್ಗವಾಗುತ್ತದೆ ಎಂದು ಆಗ ಹೊಳೆಯಲಿಲ್ಲ.

ಜೂನ್ ತಿಂಗಳಲ್ಲಿ ಪಟ್ಟಿ ಬಂತು. ಹಿಂದಿನ ವರ್ಷ ಹದಿನಾಲ್ಕನೆಯದಾಗಿದ್ದ ಹಾರ್ಲನ್ ಬೆಂಡ್ ಈ ಸಲ ಇಡೀ ದೇಶಕ್ಕೆ ಮೊದಲನೆಯದು. ಅಂಕ ಕೊಟ್ಟ ರೀತಿ ನೋಡಿದರೆ ಅದು ನ್ಯಾಯವೇ. ಕಾರ್ಖಾನೆ ಮುಚ್ಚಿ ಹೊಗೆ ನಿಂತಿತ್ತು. ಗಾಳಿಗೆ ನೂರಕ್ಕೆ ತೊಂಬತ್ತು. ಕೆಲಸ ಹುಡುಕಿಕೊಂಡು ಜನ ಊರು ಬಿಟ್ಟಿದ್ದರು. ರಸ್ತೆ ಖಾಲಿ ಎಂದು ತೊಂಬತ್ತೈದು. ಕಾಯಿಲೆಯವರು ತೀರಿಕೊಂಡಿದ್ದರಿಂದ ಆಸ್ಪತ್ರೆಯಲ್ಲಿ ತಲೆಗೆ ಬೇಕಾದಷ್ಟು ಹಾಸಿಗೆ ಎಂದು ಎಂಬತ್ತೆಂಟು. ಕೆಲಸಕ್ಕೆ ಹೋಗಲು ಸರಾಸರಿ ಹನ್ನೊಂದು ನಿಮಿಷ ಸಾಕು ಎಂದೂ ಬರೆದಿತ್ತು. ಅಷ್ಟು ದೂರದೊಳಗೆ ಎಷ್ಟು ಜನಕ್ಕೆ ಕೆಲಸವಿದೆ ಎಂದು ಬರೆದಿರಲಿಲ್ಲ. ಇಡೀ ಪುಟದ ತುಂಬ ವರಾಂಡದಲ್ಲಿ ನಗುತ್ತಾ ನಿಂತ ಅರ್ಲೀನ್, ಕೆಳಗೆ ದಪ್ಪಕ್ಷರದಲ್ಲಿ ಅವಳ ಬಾಡಿಗೆ.

ವರ್ತಕರ ಸಂಘದ ಬ್ರೂಕ್ ಎಂಬ ಉತ್ಸಾಹದ ಹೆಂಗಸು ಆ ಫೋಟೋವನ್ನು ಹೆದ್ದಾರಿ ಬದಿಯ ದೊಡ್ಡ ಫಲಕಕ್ಕೆ ಏರಿಸಿದಳು. ಮೂವತ್ತಡಿ ಅಗಲದ ಅರ್ಲೀನ್. ‘ನಾನೂರ ಎಂಬತ್ತೈದಕ್ಕೆ ಮನೆ, ಅಂಗಳ, ಮುಖದ ತುಂಬ ನಗು. ನೀವೂ ಬನ್ನಿ.’ ಅರ್ಲೀನಳಿಗೆ ‘ಸುಖಜೀವನದ ರಾಯಭಾರಿ’ ಎಂಬ ಬಿಲ್ಲೆ ಕೊಟ್ಟರು. ಅದರ ಜೊತೆಗೆ ಪೇಟೆಯಲ್ಲಿ ಒಂದು ವರ್ಷ ಪುಕ್ಕಟೆ ಕಾರು ನಿಲ್ಲಿಸುವ ಪಾಸು. ಪೇಟೆಯಲ್ಲಿ ನಲವತ್ತು ವರ್ಷದಿಂದ ಎಲ್ಲರೂ ಪುಕ್ಕಟೆಯಾಗೇ ನಿಲ್ಲಿಸುತ್ತಿದ್ದರು. ಕೌಂಟರಿನ ಜೊತೆಗಾರರು ಫಲಕ ನೋಡಿ ಬಂದು, ಗದ್ದ ಸ್ವಲ್ಪ ಕೆಳಗಿಳಿಸಬೇಕಿತ್ತು ಎಂದು ಅವಳದೇ ಮಾತನ್ನು ಅವಳಿಗೇ ತಿರುಗಿಸಿದರು.

ಜನ ಬಂದರು. ಕ್ಯಾಲಿಫೋರ್ನಿಯಾದ ಸಂಬಳ ಇಟ್ಟುಕೊಂಡು, ಕೆಲಸ ಲ್ಯಾಪ್‌ಟಾಪಿನಲ್ಲಿ ಹೊತ್ತುಕೊಂಡು, ಮನುಷ್ಯರ ಹೆಸರಿಟ್ಟ ನಾಯಿಗಳ ಜೊತೆ ಬಂದರು. ಲೈಸೆನ್ಸ್ ಬದಲಾಯಿಸಲು ನಾಲ್ಕನೇ ಕೌಂಟರಿಗೇ ಬಂದು, ನೀವೇ ಅಲ್ಲವೇ ಎಂದು ಗುರುತು ಹಿಡಿದು, ತಮಗೂ ಮನೆ ಸಿಕ್ಕಿತು, ಬರೀ ಸಾವಿರದ ನಾನೂರು ಎಂದು ಹೇಳಿದರು. ‘ಬರೀ’ ಎಂದವರಲ್ಲಿ ಒಂದಿಬ್ಬರ ಫೋಟೋ ಎಂದಿಗಿಂತಲೂ ಕೆಟ್ಟದಾಗಿ ಬಂದವು. ವೇಯ್ನ್ ಬೀದಿಯಲ್ಲಿ ಒಂದೇ ತಿಂಗಳಲ್ಲಿ ಮೂರು ಮನೆ ಕೈಬದಲಾದವು. ಒಂದು ಶನಿವಾರ ದಂಪತಿಗಳಿಬ್ಬರು ವರಾಂಡದ ಮುಂದೆ ನಿಂತು, ಫಲಕದ ಮನೆ ಇದೇನಾ ಎಂದು ಖಾತ್ರಿ ಮಾಡಿಕೊಂಡು, ಯಾವಾಗಲಾದರೂ ಖಾಲಿಯಾಗುವ ಸಂಭವ ಇದೆಯೇ ಎಂದು ಕೇಳಿದರು. ಕೇಳುವಾಗ ಗಂಡನ ದೃಷ್ಟಿ ಮಿಲ್ಡ್ರೆಡ್ಡಳ ಊರುಗೋಲಿನ ಮೇಲಿತ್ತು.

“ನಾನು ಸತ್ತ ಮೇಲೆ,” ಎಂದಳು ಮಿಲ್ಡ್ರೆಡ್. “ಅರ್ಜಿ ಬಿಟ್ಟು ಹೋಗಿ.”

ಅವರು ನಿಜಕ್ಕೂ ಒಂದು ಚೀಟಿಯಲ್ಲಿ ಫೋನ್ ನಂಬರು ಬರೆದುಕೊಟ್ಟು ಹೋದರು.

ಜುಲೈ ಕೊನೆಯಲ್ಲಿ ಫೀನಿಕ್ಸಿನಿಂದ ಕರ್ಟನ ಫೋನು ಬಂತು. ಹಲ್ಲಿನ ಡಾಕ್ಟರರ ಹತ್ತಿರ ಸರದಿ ಕಾಯುತ್ತಾ ಕೂತಿದ್ದವನು ಹಳೇ ಪತ್ರಿಕೆಯ ಪುಟ ತಿರುವಿದಾಗ ಸೋದರತ್ತೆಯ ವರಾಂಡ ಕಂಡಿತಂತೆ. ಮೊದಲು ಮನೆಯ ನೆನಪಾಗಿ ಖುಷಿಯಾಯಿತಂತೆ, ಆಮೇಲೆ ಅಂಕಿ ಕಂಡಿತಂತೆ. ಹಲ್ಲು ಕೀಳಿಸಿಕೊಂಡ ನೋವು ಗೊತ್ತೇ ಆಗಲಿಲ್ಲ ಎಂದ. ಬೀದಿಯಲ್ಲಿ ಉಳಿದವರು ಎಷ್ಟು ಕೊಡುತ್ತಿದ್ದಾರೆ ಎಂದು ವಿಚಾರಿಸಿಯಾಗಿತ್ತು. ನವೆಂಬರಿನಿಂದ ಸಾವಿರದ ಇನ್ನೂರೈವತ್ತು, ಕಾಗದಪತ್ರ ತಾನೇ ತರುತ್ತೇನೆ, ಅಕ್ಟೋಬರಿನಲ್ಲಿ ಹೆಲೆನ್ ಅತ್ತೆಯ ಸಾಮಾನು ಖಾಲಿ ಮಾಡಿಸಲು ಹೇಗೂ ಬರುವುದಿದೆ ಎಂದ. ಬಹಳ ನಯವಾಗಿ ಹೇಳಿದ. ಅರ್ಲೀನ್ ಕೂಡ ನಯವಾಗಿ, ಅಯ್ಯೋ, ಅದಕ್ಕೇನಂತೆ, ತೊಂದರೆಯೇ ಇಲ್ಲ ಎಂದಳು. ಫೋನಿಟ್ಟು ಅಡಿಗೆಮನೆಯ ಕುರ್ಚಿಯ ಮೇಲೆ ಕೂತಳು. ಬಾಡಿಗೆ ಎಂಬ ಒಂದು ಮಾತಿಗೆ ಮುಖ ಹೀಗೂ ಬಾಡುತ್ತದೆ ಎಂದು ಫಲಕದ ಮೇಲಿನ ಹೆಂಗಸಿಗೆ ಗೊತ್ತಿರಲಿಲ್ಲ. ಅವಳು ಹೆದ್ದಾರಿಯಲ್ಲಿ ನಗುತ್ತಲೇ ಇದ್ದಳು.

ಸಾವಿರದ ಇನ್ನೂರೈವತ್ತು ಅವಳಿಂದಾಗದ ಮಾತು. ಊರಿನಲ್ಲಿ ಇನ್ನೂ ಅಗ್ಗದ ಮನೆಗಳಿದ್ದವು, ಎಲ್ಲವೂ ಎರಡನೇ ಮಹಡಿ, ಮೂರನೇ ಮಹಡಿ. ಅರ್ಲೀನ್ ಹತ್ತಬಲ್ಲಳು, ಮಿಲ್ಡ್ರೆಡ್ ಹತ್ತಲಾರಳು. ಹತ್ತಲಾರದವರಿಗೆ ನಲವತ್ತು ಮೈಲಿ ಆಚೆ ಜಿಲ್ಲೆಯ ವೃದ್ಧಾಶ್ರಮವಿತ್ತು, ಕೋಣೆಗೆ ಮೂರು ಮಂಚ, ನಡುವೆ ಒಂದು ಟಿವಿ. ಮಿಲ್ಡ್ರೆಡ್ ಆ ವಿಷಯವನ್ನು ತಾನಾಗಿಯೇ ಎತ್ತಿ, ಅಲ್ಲಿ ಜೆಲ್ಲಿ ಚೆನ್ನಾಗಿ ಮಾಡುತ್ತಾರಂತೆ ಎಂದಳು. ಜೆಲ್ಲಿ ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಅರ್ಲೀನ್ ಪಾತ್ರೆ ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು.

ಮಾರನೇ ದಿನ ಸಂಘದ ಆಫೀಸಿಗೆ ಹೋಗಿ ಬ್ರೂಕಳಿಗೆ ವಿಷಯ ತಿಳಿಸಿದಳು. ಬ್ರೂಕ್ ಎರಡೂ ಕೈಯಲ್ಲಿ ಅವಳ ಕೈ ಹಿಡಿದು, ಇದು ಊರು ಬೆಳೆಯುತ್ತಿರುವ ಲಕ್ಷಣ ಎಂದು ಸಮಾಧಾನ ಹೇಳಿದಳು. ಕಂಪ್ಯೂಟರ್ ತಿರುಗಿಸಿ ಗೆರೆಯೊಂದನ್ನು ತೋರಿಸಿದಳು. ಗೆರೆ ಮೇಲಕ್ಕೆ ಹೋಗುತ್ತಿತ್ತು, ಆದರೂ ಸರಾಸರಿ ನೋಡಿದರೆ ಹಾರ್ಲನ್ ಬೆಂಡಿನ ಬಾಡಿಗೆ ಇಡೀ ದೇಶಕ್ಕೇ ಕಡಿಮೆ. ಸರ್ಕಾರದ ನೆರವಿನ ಮನೆಗೆ ಅರ್ಜಿ ಹಾಕೋಣವೆಂದರೆ ಅರ್ಲೀನಳ ಸಂಬಳ ಮಿತಿಗಿಂತ ವರ್ಷಕ್ಕೆ ಮುನ್ನೂರು ಡಾಲರು ಜಾಸ್ತಿ. ಹಾಗಾದರೆ ಆ ಫಲಕವನ್ನಾದರೂ ಇಳಿಸಿ ಎಂದು ಅರ್ಲೀನ್ ಕೇಳಿಕೊಂಡಳು. ಡಿಸೆಂಬರಿನವರೆಗೆ ಜಾಗದ ದುಡ್ಡು ಕಟ್ಟಿಯಾಗಿದೆ, ಅಲ್ಲದೆ ಜನಕ್ಕೆ ನಿಮ್ಮ ನಗು ಬಹಳ ಹಿಡಿಸಿದೆ ಎಂದಳು ಬ್ರೂಕ್. ಬೀಳ್ಕೊಡುವಾಗ ಊರಿನ ಚಿತ್ರವಿದ್ದ ಕಾಫಿ ಲೋಟ ಕೊಟ್ಟಳು. ಅದರ ಮೇಲೂ ಅರ್ಲೀನಳೇ ಇದ್ದಳು.

ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ಮಿಲ್ಡ್ರೆಡ್ ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಆ ಸರಾಸರಿ ಅನ್ನೋದು ಯಾವ ಬೀದೀಲಿದೆ ಕೇಳಬೇಕಿತ್ತು ಕಣೇ,” ಎಂದಳು. “ಅಲ್ಲಿಗೇ ಹೋಗಿ ಇರಬಹುದಿತ್ತು.”

ಉಪಾಯ ಹೂಡಿದವಳೂ ಮಿಲ್ಡ್ರೆಡ್ಡಳೇ. ಅವಳ ಲೆಕ್ಕದ ಪ್ರಕಾರ ಕರ್ಟ್ ಕೆಟ್ಟವನಲ್ಲ, ದೂರದವನು ಅಷ್ಟೇ. ಹೆಲೆನಳ ರಕ್ತ ಅವನಲ್ಲೂ ಹರಿಯುತ್ತಿದೆ.

“ಫೋನಲ್ಲಿ ಎಲ್ರೂ ಗಂಡಸ್ರೇ,” ಎಂದಳು. “ಎದುರಿಗೆ ಕೂತು, ನಿನ್ನ ಕೈಯೂಟ ಉಂಡು, ಆಮೇಲೆ ಹೇಳಲಿ ನೋಡೋಣ. ಊಟಕ್ಕೆ ಕರಿ ಅವನನ್ನ.”

“ಅವ್ರು ಊರು ಬಿಟ್ಟು ಇಪ್ಪತ್ತು ವರ್ಷ ಆಯ್ತು ಮಿಲ್ಡ್ರೆಡ್. ಆ ಮರುಭೂಮೀಲಿ ಎಲ್ಲ ಒಣಗಿ ಹೋಗಿರುತ್ತೆ.”

“ಒಣಗಿದ್ರೆ ನೂಡಲ್ಸು ಹಾಕಿ ನೆನೆಸೋಣ. ಏನೇ ಆದ್ರೂ ಅವನು ಬಾಯಿ ಬಿಟ್ಟು ಕೇಳಿದ್ರೆ ಆರುನೂರು ಅನ್ನು. ನನ್ನ ಪೆನ್ಶನ್ನಲ್ಲಿ ನೂರ ಹದಿನೈದು ಕೊಡ್ತೀನಿ. ಅದರ ಮೇಲೆ ನನ್ನ ಹತ್ರ ಇರೋದು ಈ ಊರುಗೋಲೊಂದೇ.”

ಅರ್ಲೀನ್ ಒಪ್ಪಿದಳು. ಆರುನೂರು ಎಂದು ಹೇಳುವುದನ್ನು ಅವಳು ಎರಡು ತಿಂಗಳು ಅಭ್ಯಾಸ ಮಾಡಿದಳು ಎಂದರೆ ಯಾರೂ ನಂಬಲಿಕ್ಕಿಲ್ಲ. ಸ್ನಾನ ಮಾಡುವಾಗ ಹೇಳಿಕೊಂಡಳು, ಕಾರಿನಲ್ಲಿ ಹೇಳಿಕೊಂಡಳು. ಕೌಂಟರಿನಲ್ಲಿ ಫೋಟೋಕ್ಕೆ ಕೂತವರಿಗೆ ಕ್ಯಾಮೆರಾ ನೋಡಿ ಎನ್ನುವ ಬದಲು ಒಮ್ಮೆ ಆರುನೂರು ಎಂದುಬಿಟ್ಟಳು. ಎದುರಿಗಿದ್ದವನು ದಂಡವೆಂದು ತಿಳಿದು ಪರ್ಸು ತೆಗೆದ. ಬಾಯಿಗೆ ಆ ಪದ ಸಲೀಸಾಗಿ ಬರುತ್ತಿರಲಿಲ್ಲ. ಹುಟ್ಟಿದಾಗಿನಿಂದ ಕಡಿಮೆ ಬೆಲೆಯನ್ನೇ ಹೇಳಿ ಪಳಗಿದ ನಾಲಿಗೆ ಅದು. ತಾನಾಗಿ ಜಾಸ್ತಿ ಕೊಡುತ್ತೇನೆ ಎನ್ನಬೇಕೆಂದರೆ ಅವಳಿಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿತಷ್ಟು ಕಷ್ಟ.

ಅಕ್ಟೋಬರಿನ ಎರಡನೇ ಭಾನುವಾರ, ಚರ್ಚು ಮುಗಿಯುವ ಹೊತ್ತಿಗೆ ಕರ್ಟ್ ಬಾಡಿಗೆ ಕಾರಿನಲ್ಲಿ ಬಂದ. ನಲವತ್ತಾರರ ದಪ್ಪ ಮನುಷ್ಯ, ಬಿಸಿಲಿಗೆ ಕೆಂಪಾದ ಕತ್ತು, ಕಂದು ಜಾಕೆಟ್ಟು. ಜಾಕೆಟ್ಟಿನ ಒಳಜೇಬಿನಿಂದ ಉದ್ದನೆಯ ಲಕೋಟೆಯ ತುದಿ ಇಣುಕುತ್ತಿತ್ತು. ಅತ್ತೆ ಸೊಸೆ ಇಬ್ಬರೂ ಅದನ್ನು ನೋಡಿದರು, ಇಬ್ಬರೂ ಹವಾಮಾನದ ಮಾತೆತ್ತಿದರು. ಫೀನಿಕ್ಸಿನಲ್ಲಿ ಬೇಸಗೆ ಹೇಗೆ ಎಂದು ಹತ್ತು ನಿಮಿಷ ನಡೆಯಿತು. ಇಲ್ಲಿ ಚಳಿಗಾಲ ಹೇಗೆ ಎಂದು ಹದಿನೈದು ನಿಮಿಷ ನಡೆಯಿತು. ಊಟಕ್ಕೆ ಕೂತ ಮೇಲೆ ಹೆಲೆನಳ ಮಂಡಿನೋವು, ಹೆಲೆನಳ ಪೈ, ಹೆಲೆನ್ ಒಮ್ಮೆ ಚಾವಣಿಯಲ್ಲಿ ಸಿಕ್ಕಿಬಿದ್ದ ರಕೂನ್ ಎಂಬ ಕಾಡುಪ್ರಾಣಿಯನ್ನು ಪೊರಕೆಯಿಂದ ಓಡಿಸಿದ ಕಥೆ.

ಎರಡು ಸಲ ಕರ್ಟನ ಕೈ ಜೇಬಿನ ಕಡೆ ಹೋಯಿತು. ಮೊದಲ ಸಲ ಮಿಲ್ಡ್ರೆಡ್ ನೂಡಲ್ಸಿನ ಪಾತ್ರೆಯನ್ನೇ ಅವನ ಕಡೆ ಚಾಚಿದಳು. ಅದು ಭಾರದ ಪಾತ್ರೆ, ಹಿಡಿಯಲು ಎರಡೂ ಕೈ ಬೇಕು. ಎರಡನೇ ಸಲ ಲಕೋಟೆ ಅರ್ಧ ಹೊರಗೆ ಬಂದಿತ್ತು. ಅಷ್ಟರಲ್ಲಿ ಅರ್ಲೀನ್, ಇನ್ನೊಂದು ಸ್ವಲ್ಪ ಎಂದಳು. ಬೇಡ ಎಂದು ಮೂರು ಸಲ ಹೇಳಿ ನಾಲ್ಕನೇ ಸಲ ತಟ್ಟೆ ಒಡ್ಡುವುದರೊಳಗೆ ಲಕೋಟೆ ಮತ್ತೆ ಒಳಗೆ ಜಾರಿತ್ತು.

ಕೊನೆಗೆ ಅವನು ಎರಡೂ ತೊಡೆ ತಟ್ಟಿ, ಸರಿ, ಇನ್ನು ಹೊರಡುತ್ತೇನೆ ಎಂದ. ಹಾರ್ಲನ್ ಬೆಂಡಿನಲ್ಲಿ ಹಾಗೆಂದರೆ ಇನ್ನೂ ಒಂದು ಗಂಟೆ ಇರುತ್ತಾರೆ ಎಂದು ಅರ್ಥ. ಮೇಜಿನ ಹತ್ತಿರ ಇಪ್ಪತ್ತು ನಿಮಿಷ ನಿಂತರು. ಬಾಗಿಲಿನ ಹತ್ತಿರ ಇಪ್ಪತ್ತೈದು ನಿಮಿಷ. ಕರ್ಟ್ ಒಂದು ಕೈಯನ್ನು ಬಾಗಿಲ ಹಿಡಿಗೆ ಇಟ್ಟುಕೊಂಡೇ ತನ್ನ ಪಿತ್ತಕೋಶದ ವಿಚಾರ ಹೇಳಿದ. ಆ ಹಿಡಿ ಹಿಡಿದು ನಿಂತ ಭಂಗಿಯಲ್ಲೇ ಅರ್ಲೀನಳಿಗೆ ಸಣ್ಣದೊಂದು ಆಸೆ ಹುಟ್ಟಿತು. ಹೊರಗಿನವರು ಹಾಗೆ ನಿಲ್ಲುವುದಿಲ್ಲ, ಬೈ ಎಂದವರು ಹೊರಟೇಬಿಡುತ್ತಾರೆ.

ಪರೀಕ್ಷೆ ಮಾಡಿಯೇ ಬಿಡೋಣ ಎಂದುಕೊಂಡಳು.

“ಜಾಕೆಟ್ಟು ಚೆನ್ನಾಗಿದೆ,” ಎಂದಳು.

ಕರ್ಟ್ ತೋಳು ನೋಡಿಕೊಂಡ. ಮಿಲ್ಡ್ರೆಡ್ ಊರುಗೋಲನ್ನು ಬಿಗಿಯಾಗಿ ಹಿಡಿದಳು. ಆ ಒಂದು ಕ್ಷಣ ಅವನು ಥ್ಯಾಂಕ್ಸ್ ಎಂದಿದ್ದರೆ ಎಲ್ಲ ಮುಗಿದಿತ್ತು.

“ಇಪ್ಪತ್ತೆರಡು ಡಾಲರು,” ಎಂದ ಕರ್ಟ್, ಕತ್ತು ಇನ್ನಷ್ಟು ಕೆಂಪಾಗಿ. “ಒಂದು ಗುಂಡಿ ಇರ್ಲಿಲ್ಲ ಅಂತ ಇನ್ನೂ ಮೂರು ಬಿಟ್ರು.”

ಮಿಲ್ಡ್ರೆಡ್ ಕಣ್ಣು ಮುಚ್ಚಿ ತೆರೆದಳು. ಗುಂಡಿ ಹೋದರೂ ಹುಟ್ಟುಗುಣ ಹೋಗಿರಲಿಲ್ಲ.

ಅವನು ಮೆಟ್ಟಿಲಿಳಿದ. ಕಾರಿನಲ್ಲಿ ಕೂತ, ಎಂಜಿನ್ ಚಾಲೂ ಮಾಡಿದ, ಪದ್ಧತಿಯಂತೆ ಕಿಟಕಿಯ ಗಾಜು ಇಳಿಸಿ ಮತ್ತೆ ಮಾತಾಡಿದ. ಅರ್ಲೀನ್ ಕಾರಿಗೆ ಒರಗಿ ನಿಂತಿದ್ದಳು. ಮಿಲ್ಡ್ರೆಡ್ ವರಾಂಡದಲ್ಲೇ ಇದ್ದಳು. ಹನ್ನೆರಡು ಹೆಜ್ಜೆಯ ಕೊನೆಯ ಹೆಜ್ಜೆಯ ಮೇಲೆ. ಕರ್ಟ್ ಸ್ಟೀರಿಂಗಿನ ಮೇಲೆ ಬೆರಳಾಡಿಸುತ್ತಾ, ಫೀನಿಕ್ಸಿನಲ್ಲಿರುವ ತನ್ನ ಹೆಂಡತಿ ಈ ಮನೆಯ ಬಗ್ಗೆ ಖಂಡಿತ ಕೇಳುತ್ತಾಳೆ, ಏನಾದರೂ ಒಂದು ಅಂಕಿ ಹೇಳದೆ ವಾಪಸು ಹೋಗುವ ಹಾಗಿಲ್ಲ, ನವೆಂಬರ್ ಹತ್ತಿರ ಬಂತು ಎಂದು ಎದುರಿನ ಗಾಜಿಗೆ ಹೇಳಿದ. ಲಕೋಟೆಯನ್ನು ಹೊರಗೆ ತೆಗೆದ, ಬಿಚ್ಚಲಿಲ್ಲ, ಪಕ್ಕದ ಸೀಟಿನ ಮೇಲೆ ಬೋರಲು ಹಾಕಿದ. ಆಮೇಲೆ ಅವನ ಇಡೀ ವಂಶದಲ್ಲಿ ಯಾರೂ ಮಾಡದಿದ್ದ ಕೆಲಸ ಮಾಡಿದ. ತಲೆಯೆತ್ತಿ ಮುಖ ನೋಡಿ ಕೇಳಿದ.

“ಮಿಸೆಸ್ ಕೂಂಟ್ಸ್, ನೀವೇ ಹೇಳಿಬಿಡಿ. ನೀವು ಏನು ಹೇಳಿದ್ರೂ ಅದನ್ನೇ ಬರೀತೀನಿ. ನ್ಯಾಯವಾಗಿ ನೋಡಿದ್ರೆ ಈ ಮನೆಗೆ ಎಷ್ಟು ಕೊಡಬಹುದು?”

ವರಾಂಡದಲ್ಲಿ ಮಿಲ್ಡ್ರೆಡ್ ಊರುಗೋಲು ಬಿಟ್ಟು, ಒಂದು ಕೈಯ ಐದು ಬೆರಳು, ಇನ್ನೊಂದು ಕೈಯ ಹೆಬ್ಬೆರಳು ಎತ್ತಿ ಹಿಡಿದಳು. ಅರ್ಲೀನ್ ಅದನ್ನು ನೋಡಿದಳು. ಮನೆಯ ಕಡೆ ನೋಡಿದಳು. ಎರಡು ತಿಂಗಳು ಕಲಿತ ಪದಕ್ಕಾಗಿ ಬಾಯಿ ತೆರೆದಳು.

“ನಾನೂರ ಐವತ್ತು,” ಎಂದಳು. “ಬಚ್ಚಲ ನೀರು ಇಳಿಯೋದೇ ಇಲ್ಲ ರೀ.”